ಮೇಪಲ್ ನೆಲವೂ ಶ್ರಾವಕನ ಅನುಮೋದನೆಯೂ

ಕೃತ, ಕಾರಿತ, ಅನುಮೋದಿತ ಎಂಬ ಮೂರು ಮಾತುಗಳನ್ನು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ತಾನು ಮಾಡಿದ್ದು, ಇತರರಿಂದ ಮಾಡಿಸಿದ್ದು, ಮಾಡಿದವರನ್ನು ಒಪ್ಪಿದ್ದು - ಈ ಮೂರು ಬಾಗಿಲುಗಳಿಂದಲೂ ಕರ್ಮಾಸ್ರವವಾಗುತ್ತದೆ. ಮೊದಲಿನ ಎರಡು ಸುಲಭವಾಗಿ ಅರ್ಥವಾಗುತ್ತವೆ. ಮೂರನೆಯದರ ಭಾರ ನನಗೆ ತಿಳಿದದ್ದು, ಓದುಗರು ನಗಬಾರದು, ಅಮೆರಿಕದ ಒಂದು ಮರದ ಅಂಗಡಿಯಲ್ಲಿ.

2019ರ ಬೇಸಗೆಯಲ್ಲಿ ನಾವು ದಂಪತಿಗಳು ಮಿಷಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ನಗರದ ಹೊರವಲಯದಲ್ಲಿ ನೆಲೆಸಿರುವ ಮಗನ ಬಳಿಗೆ ಹೋಗಿದ್ದೆವು. ಅವನು ಹಳೆಯ ಮನೆಯೊಂದನ್ನು ಕೊಂಡಿದ್ದ. ಗೋಡೆಯಿಂದ ಗೋಡೆಗೆ ಹಾಸಿದ್ದ ಕಾರ್ಪೆಟ್ಟನ್ನು ಕಿತ್ತು ಹೊಸ ನೆಲ ಮಾಡಿಸಬೇಕಿತ್ತು. "ಏನು ಹಾಕಿಸೋಣ, ನೀವೇ ಹೇಳಿ" ಎಂದು ನನ್ನನ್ನು ಕೇಳಿದ. ತಂದೆಯಾದವನಿಗೆ ಇದು ಸಂತೋಷದ ಮಾತು. ಶ್ರಾವಕನಿಗೆ ಸ್ವಲ್ಪ ಕಷ್ಟದ ಮಾತು.

ಮರ ನಮಗೆ ನಿಷಿದ್ಧವೇನೂ ಅಲ್ಲ. ಮೂಡುಬಿದಿರೆಯಲ್ಲಿ ಜೈನ ಅರಸರಾದ ಚೌಟರ ಅರಮನೆಯ ಮರದ ಕಂಬದ ಮೇಲಿನ ನವನಾರೀಕುಂಜರವನ್ನು ನೋಡಿ ಬೆರಗಾಗದವರು ಯಾರು? ಗೃಹಸ್ಥನು ಆರಂಭೀ ಹಿಂಸೆಯಿಂದ ಪೂರ್ತಿಯಾಗಿ ಬಿಡಿಸಿಕೊಳ್ಳಲಾರ. ಆದರೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ವಿವರಿಸುವಾಗ, ನಿಷ್ಪ್ರಯೋಜನವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು ಇವುಗಳೊಡನೆ ಸಸ್ಯಗಳನ್ನು ಕಡಿಯುವುದನ್ನೂ ಪ್ರಮಾದಚರ್ಯೆಯಲ್ಲಿ ಸೇರಿಸಿದ್ದಾರೆ. ಅಲ್ಲಿರುವ ಪ್ರಶ್ನೆ ಮರ ಬೇಕೆ ಬೇಡವೆ ಎಂಬುದಲ್ಲ. ಪ್ರಯೋಜನ ಎಲ್ಲಿಗೆ ಮುಗಿದು ಪ್ರಮಾದ ಎಲ್ಲಿಂದ ಆರಂಭವಾಗುತ್ತದೆ ಎಂಬುದು.

ಕಾರ್ಪೆಟ್ ಬೇಡವೆಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಅದರ ಎಳೆಗಳ ನಡುವೆ ಎಷ್ಟು ಸೂಕ್ಷ್ಮಜೀವಿಗಳು ಸೇರಿಕೊಳ್ಳುತ್ತವೆಯೋ ಕಣ್ಣಿಗೆ ಕಾಣದು. ವಾರಕ್ಕೊಮ್ಮೆ ಯಂತ್ರ ಹಿಡಿದು ಧೂಳಿನೊಡನೆ ಅವನ್ನೂ ಹೀರುವುದೇ ಅಲ್ಲಿಯ ಶುಚಿತ್ವ. ಕಲ್ಲಿನ ನೆಲ ಆ ದೇಶದ ಚಳಿಗೆ ಹಿತವಲ್ಲ. ಹೀಗಾಗಿ ಮರವೇ ಉಳಿಯಿತು. ಮರದಲ್ಲಿಯೂ ನಾನು ಮೇಪಲ್ ಎಂದದ್ದಕ್ಕೆ ಕಾರಣ ಅದರ ಬಣ್ಣ. ವಾಲ್ನಟ್ ಮರದ ಕಪ್ಪು ಹಲಗೆಯ ಮೇಲೆ ಇರುವೆ ನಡೆದರೆ ತಿಳಿಯದು. ಮೇಪಲ್ಲಿನ ಕೆನೆಬಣ್ಣದ ಮೇಲೆ ಮಾರು ದೂರದಿಂದಲೇ ಕಾಣುತ್ತದೆ. ಈರ್ಯಾಸಮಿತಿ ಮುನಿಗಳ ವ್ರತ, ನಿಜ. ಆದರೂ ಶ್ರಾವಕನು ನೋಡಿ ನಡೆಯಲು ಅನುಕೂಲವಾದ ನೆಲವನ್ನು ಮಾಡಿಕೊಳ್ಳಬಾರದೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ಅಂಗಡಿಯವನು ತನ್ನ ಸರಕನ್ನು ಚೆನ್ನಾಗಿ ಬಲ್ಲವನಾಗಿದ್ದ. ಗಡಸು ಮೇಪಲ್ ಎಂದರೆ, ರಸ ಇಳಿಸಿ ಪಾಕ ಕಾಯಿಸುವ ಸಕ್ಕರೆ ಮೇಪಲ್ ಮರವೇ. ಸುಮಾರು ನಲವತ್ತು ಲೀಟರ್ ರಸ ಕಾಯಿಸಿದರೆ ಒಂದು ಲೀಟರ್ ಪಾಕ. ಉಕ್ಕಿನ ಗುಂಡನ್ನು ಅರ್ಧದವರೆಗೆ ಮರದೊಳಗೆ ಒತ್ತಲು ಎಷ್ಟು ಬಲ ಬೇಕೆಂಬುದರಿಂದ ಗಡಸುತನ ಅಳೆಯುತ್ತಾರಂತೆ. ಕೆಂಪು ಓಕಿಗೆ 1290 ಪೌಂಡ್, ವಾಲ್ನಟ್ಟಿಗೆ 1010, ಇದಕ್ಕೆ 1450. ಬ್ಯಾಸ್ಕೆಟ್‌ಬಾಲ್ ಅಂಗಣಗಳಿಗೆ ಇದನ್ನೇ ಹಾಕುವುದು ಅದಕ್ಕಾಗಿ. ಮುಕ್ಕಾಲು ಅಂಗುಲ ದಪ್ಪದ ಗಟ್ಟಿ ಹಲಗೆಯನ್ನು ಸವೆದಾಗ ಉಜ್ಜಿ ಮತ್ತೆ ಹೊಸದಾಗಿಸಬಹುದು. ಒಮ್ಮೆ ಹಾಕಿದರೆ ಎರಡು ಮೂರು ತಲೆಮಾರು ಬಾಳುತ್ತದೆ. ಪ್ಲೈವುಡ್ಡಿನ ಮೇಲೆ ತೆಳುಪದರ ಅಂಟಿಸಿದ್ದು ಅಗ್ಗ, ಆದರೆ ಅದನ್ನು ಅಷ್ಟು ಸಲ ಉಜ್ಜಲಾಗದು. ಇಲ್ಲಿಯವರೆಗೆ ನನ್ನ ವ್ಯಾಪಾರಿ ಬುದ್ಧಿಯೂ ಶ್ರಾವಕ ಬುದ್ಧಿಯೂ ಒಂದೇ ದಾರಿಯಲ್ಲಿ ನಡೆದವು.

ಅನಂತರ ಅವನು ದರ್ಜೆಗಳನ್ನು ತೋರಿಸಿದ. ಮೊದಲ ದರ್ಜೆಯ ಹಲಗೆಯಲ್ಲಿ ಗಂಟು, ಗೆರೆ, ಕಲೆ ಇಲ್ಲವೆನ್ನುವಷ್ಟು ಕಡಿಮೆ. ಎರಡನೆಯದರಲ್ಲಿ ಅಲ್ಲಲ್ಲಿ. ಮೂರನೆಯದರಲ್ಲಿ ಧಾರಾಳ. ಅಚ್ಚ ಬಿಳುಪೇ ಬೇಕೆನ್ನುವವರಿಗೆ ತೊಗಟೆಯ ಕಡೆಯ ಎಳೆಮರವನ್ನು ಮಾತ್ರ ಆಯ್ದು ಕೊಡುತ್ತಾರೆ. ಕಾಂಡದ ನಡುವಿನ ಕಂದು ತಿರುಳು ಅವರಿಗೆ ಬೇಡ. ನನ್ನ ಕೈ ತಾನಾಗಿಯೇ ಮೊದಲ ದರ್ಜೆಯ ಮೇಲೆ ಹೋಯಿತು. ನಲವತ್ತು ವರ್ಷ ಅಂಗಡಿಯಲ್ಲಿ ಕುಳಿತವನ ಕೈ, ಕಲೆಯಿಲ್ಲದ ಸರಕನ್ನೇ ಹುಡುಕುತ್ತದೆ.

ಆಗ ಹಳೆಯದೊಂದು ನೆನಪಾಯಿತು. 1991ರಲ್ಲಿ ನಾನು ಮನೆ ಕಟ್ಟಿಸುವಾಗ ಬಾಗಿಲುಗಳಿಗೆ ತಂದ ತೇಗದಲ್ಲಿ ಕೆಲವು ತುಂಡುಗಳಿಗೆ ಕಪ್ಪು ಗೆರೆಗಳಿದ್ದವು. ಮರ ಗಟ್ಟಿಯಾಗಿದೆ, ಬಳಸಬಹುದು ಎಂದು ಬಡಗಿ ಎರಡು ಸಲ ಹೇಳಿದ. ಗೃಹಪ್ರವೇಶಕ್ಕೆ ಬರುವ ಬಂಧುಗಳ ಕಣ್ಣಿಗೆ ಬೀಳುತ್ತದೆಂದು ನಾನು ಒಪ್ಪಲಿಲ್ಲ. ಆ ತೇಗ ನಮ್ಮ ಬಚ್ಚಲ ಒಲೆಯಲ್ಲಿ ಉರಿಯಿತು. ಅದೇ ವರ್ಷ ಪರ್ಯೂಷಣದಲ್ಲಿ ನಾನು ಅನರ್ಥದಂಡ ವಿರತಿಯ ಮೇಲೆ ಬಸದಿಯಲ್ಲಿ ಉಪನ್ಯಾಸ ಮಾಡಿದ್ದೆ!

ಹಾಗಾಗಿ ಮೂರನೆಯ ದರ್ಜೆಯೇ ಇರಲಿ ಎಂದೆ. ಮರ ಅದೇ, ಗಡಸುತನ ಅದೇ. ಹೀಗೆ ಮಾಡಿದ್ದರಿಂದ ಕಾಡಿನಲ್ಲಿ ಒಂದು ಮರ ಉಳಿಯಿತೆಂದು ನಾನು ಹೇಳುವುದಿಲ್ಲ. ಪೇಟೆಯ ಲೆಕ್ಕ ಅಷ್ಟು ಸರಳವಲ್ಲ. ಆದರೆ ಒಂದು ಮರವನ್ನು ಕೆಡವಿದ ಮೇಲೆ ಅದರ ಅರ್ಧವನ್ನು ಕಣ್ಣಿನ ಸುಖಕ್ಕಾಗಿ ತಿರಸ್ಕರಿಸುವುದು ಇನ್ನೊಂದು ಮರವನ್ನು ಕೇಳಿದಂತೆ. ಆ ಕೇಳಿಕೆಯೇ ಅನುಮೋದನೆ.

ಸೊಸೆಗೆ ಇದು ಹಿಡಿಸಲಿಲ್ಲ. "ಮಾವ, ನಿಮ್ಮ ವ್ರತವನ್ನು ನಮ್ಮ ನೆಲದ ಮೇಲೆ ಹಾಸುತ್ತೀರಾ?" ಎಂದು ನಗುತ್ತಲೇ ಕೇಳಿದಳು. ಮಾತು ನಾಟಿತು. ಮನೆ ಅವಳದು; ವ್ರತ ತೆಗೆದುಕೊಂಡವನು ನಾನು. ಕೊನೆಗೆ ನಡುಮನೆಗೆ ಎರಡನೆಯ ದರ್ಜೆ, ಮಲಗುವ ಕೋಣೆಗಳಿಗೆ ಮೂರನೆಯದು ಎಂದು ತೀರ್ಮಾನವಾಯಿತು. ನಾನು ಮತ್ತೆ ಮಾತೆತ್ತಲಿಲ್ಲ.

ಮೆರುಗಿನ ವಿಷಯದಲ್ಲಿ ಮಾತ್ರ ಹಟ ಹಿಡಿದೆ. ಹಳೆಯ ಸಂಪ್ರದಾಯದ ಶೆಲ್ಯಾಕ್ ಬಳಿಯಬಹುದೆಂದು ಕೆಲಸದವನು ಸೂಚಿಸಿದ್ದ. ಶೆಲ್ಯಾಕ್ ಎಂದರೆ ನಮ್ಮ ಅರಗು. ಕೊಂಬೆಗಳಿಂದ ಅದನ್ನು ಕೆರೆದು ತೆಗೆಯುವಾಗ ಅರಗಿನ ಹುಳುಗಳು ಅದರೊಳಗೇ ಸಾಯುತ್ತವೆ. ಪಂಡಿತ ಆಶಾಧರರು 13ನೆಯ ಶತಮಾನದಲ್ಲಿಯೇ ಸಾಗಾರಧರ್ಮಾಮೃತದಲ್ಲಿ ಹದಿನೈದು ಖರಕರ್ಮಗಳ ಪೈಕಿ ಲಾಕ್ಷಾವಾಣಿಜ್ಯವನ್ನು ಹೇಳಿದ್ದಾರೆ. ಇದನ್ನು ವಿವರಿಸಿದಾಗ ಸೊಸೆಯೇ ಮೊದಲು ಬೇಡವೆಂದಳು. ನೀರಿನಲ್ಲಿ ಕಲಸಿದ ಪಾಲಿಯುರೆಥೇನ್ ಬಳಿಸಿದೆವು. ಅದರಿಂದ ಮರ ಬೇಗ ಹಳದಿಯಾಗುವುದಿಲ್ಲವೆಂಬುದು ಅವಳ ಲಾಭ.

ಹಲಗೆಗಳನ್ನು ತಂದೊಡನೆ ಹೊಡೆಯಲಿಲ್ಲ. ಮನೆಯ ಹವೆಗೆ ಹೊಂದಿಕೊಳ್ಳಲು ಕೆಲವು ದಿನ ಕೋಣೆಯಲ್ಲಿಯೇ ಇಟ್ಟರು. ಗೋಡೆಯ ಅಂಚಿನಲ್ಲಿ ಮರ ಹಿಗ್ಗಲು ಜಾಗ ಬಿಟ್ಟರು. ಮೇಪಲ್ ತೇವದ ಏರಿಳಿತಕ್ಕೆ ಬೇಗ ಸ್ಪಂದಿಸುವ ಮರ. ಚಳಿಗಾಲದಲ್ಲಿ ಒಲೆ ಹಚ್ಚಿ ಹವೆ ಒಣಗಿದರೆ ಹಲಗೆಗಳ ನಡುವೆ ಸಂದು ಬಿಡುತ್ತದೆ. ಮನೆಯೊಳಗಿನ ತೇವವನ್ನು ಶೇಕಡಾ 30ರಿಂದ 50ರ ಒಳಗೆ ಇಟ್ಟುಕೊಳ್ಳಿರೆಂದು ಹೇಳಿ ಹೋದರು.

2022ರ ಡಿಸೆಂಬರಿನಲ್ಲಿ ಮತ್ತೆ ಹೋದಾಗ ನೋಡಿದೆ, ಮೂರನೆಯ ದರ್ಜೆಯ ಕೋಣೆಯಲ್ಲಿ ಕೂದಲೆಳೆಯಷ್ಟು ಸಂದುಗಳು ಬಿಟ್ಟಿದ್ದವು. ಎರಡನೆಯ ದರ್ಜೆಯ ನಡುಮನೆಯಲ್ಲಿಯೂ ಅಷ್ಟೇ. ಅವುಗಳಲ್ಲಿ ಧೂಳು ನಿಂತು ಜೀವೋತ್ಪತ್ತಿಯಾಗಬಾರದೆಂದು ಸೊಸೆ ಅಲ್ಲಿನ ಭಾರತೀಯ ಅಂಗಡಿಯಿಂದ ಮೃದುವಾದ ಹುಲ್ಲಿನ ಪೊರಕೆ ತಂದು ಬಾಗಿಲ ಹಿಂದೆ ಇಟ್ಟಿದ್ದಳು.