ಮಡಚುವ ಚಾಕು

ಹಣ್ಣು ಕೊಯ್ದರೆ ಅದು ಚಾಕು, ಪತ್ರಿಕೆಯ ತಲೆಬರಹಕ್ಕೆ ಬಂದರೆ ಚೂರಿ. ಹಾಗಾಗಿ ದಿನವೂ ಜೊತೆಗಿಟ್ಟುಕೊಳ್ಳಲು ಪುಟ್ಟದೊಂದು ಮಡಚುವ ಚಾಕು ಕೊಳ್ಳುವಾಗಲೂ ನಾವು ಎರಡೆರಡು ಸಲ ಯೋಚಿಸಬೇಕಾಯಿತು.

ಕರಾವಳಿಯ ಉಪ್ಪುಗಾಳಿಗೆ ಉಕ್ಕು ಬೇಗ ತುಕ್ಕು ಹಿಡಿಯುತ್ತದೆ. ಜಿರ್ಕೋನಿಯಾದಿಂದ ಮಾಡಿದ ಸೆರಾಮಿಕ್ ಅಲಗಿಗೆ ಆ ಭಯವಿಲ್ಲ. ಲಿಂಬೆ, ಮಾವಿನಕಾಯಿಯ ಹುಳಿಯೂ ಅದನ್ನು ಏನೂ ಮಾಡದು. ಹರಿತವೂ ಬಹುಕಾಲ ಉಳಿಯುತ್ತದೆ. ಆದರೆ ಅದು ಬಾಗುವ ಜಾತಿಯಲ್ಲ, ಒಡೆಯುವ ಜಾತಿ. ಕೈಜಾರಿ ಬಿದ್ದರೆ, ಡಬ್ಬಿಯ ಮುಚ್ಚಳ ಮೀಟಿದರೆ ಅಂಚು ಚಕ್ಕೆಯೇಳುತ್ತದೆ. ಗಡಸುತನದ ಮೋಸ್ ಮಾಪಕದಲ್ಲಿ ವಜ್ರಕ್ಕೆ 10, ಇದಕ್ಕೆ ಸುಮಾರು 8.5, ಸಾಣೆ ಹಿಡಿಯಲು ವಜ್ರದ ಪುಡಿಯ ಸಾಣೆಯೇ ಬೇಕು. ಇಷ್ಟೆಲ್ಲ ತಿಳಿದೇ, ಚಿಕ್ಕ ಅಲಗಿನ, ತೆರೆದಾಗ ತಾನಾಗಿ ಮಡಚಿಕೊಳ್ಳದಂತೆ ಲಾಕ್ ಇರುವ ಚಾಕುವನ್ನು ಆರಿಸಿದೆವು.

ಈ ಅಲಗು ಲೋಹಶೋಧಕಕ್ಕೆ ಸಿಗುವುದಿಲ್ಲ ಎಂದು ಅಂಗಡಿಯವರು ಹೆಮ್ಮೆಯಿಂದ ಹೇಳಿದರು. ನಮಗೆ ಅದೇ ಅಳುಕು. ಜೇಬಿನಲ್ಲಿ ಸಿಕ್ಕ ಚಾಕುವಿಗೆ ಹಣ್ಣಿನ ಕಾರಣ ಹೇಳಿದರೆ, ಜನ ನಂಬುವುದು ಹೇಳುವವನ ಹೆಸರು, ವೇಷ ನೋಡಿ. ಮರೆಯಲ್ಲಿ ಒಯ್ಯಬಹುದಾದ ವಸ್ತುವನ್ನು ಎದುರಿಗೇ ಇಡುವುದು ಒಳ್ಳೆಯದು. ನಮ್ಮ ಚಾಕು ಜೇಬಿನಲ್ಲಿಲ್ಲ. ಬುತ್ತಿಯ ಚೀಲದಲ್ಲಿ, ಹಣ್ಣಿನ ಪಕ್ಕದಲ್ಲಿದೆ. ವಿಮಾನ ಹತ್ತುವ ದಿನ ಅದು ಮನೆಯಲ್ಲೇ ಉಳಿಯುತ್ತದೆ.