ಸ್ತನದ ಪುನರ್ರಚನೆ ಸ್ಥೂಲದೇಹಿಗಳಿಗೆ ಸಲ್ಲದೆ?

ಕಾಳಿ ನದಿಗೆ ಕಟ್ಟಿದ ಅಣೆಕಟ್ಟಿನಿಂದ 1980ರ ದಶಕದಲ್ಲಿ ಸೂಪಾ ಊರು ಮುಳುಗಿದಾಗ, ನಮ್ಮ ಭಾಗದ ಅನೇಕ ಕುಟುಂಬಗಳು ರಾಮನಗರದಲ್ಲಿ ಮತ್ತೆ ಮನೆ ಕಟ್ಟಿಕೊಂಡವು. ಕಳೆದುದನ್ನು ಮರಳಿ ಕಟ್ಟಿಕೊಳ್ಳುವ ಹಂಬಲವನ್ನು ಅಂದು ಯಾರೂ ಹಳಿಯಲಿಲ್ಲ. ಆದರೆ ಕ್ಯಾನ್ಸರಿನಿಂದ ಸ್ತನ ಕಳೆದುಕೊಂಡ ಹೆಣ್ಣುಮಗಳು ಅದೇ ಹಂಬಲವನ್ನು ನುಡಿದರೆ ಸಮಾಜ ಹುಬ್ಬೇರಿಸುತ್ತದೆ. ಆಕೆಯ ಮೈ ದಪ್ಪವಾಗಿದ್ದರಂತೂ ನಗುವವರೂ ಉಂಟು.

ನಮ್ಮ ಹಿರಿಯಕ್ಕನವರು ಈ ವಿಷಯವೆತ್ತಿದಾಗ, "ಮೊಮ್ಮಕ್ಕಳನ್ನು ಕಂಡ ವಯಸ್ಸಿನಲ್ಲಿ ಇದ್ಯಾತಕ್ಕೆ ಬೇಕವ್ವಾ?" ಎಂದರು ಬಂಧುಗಳು. ಅಕ್ಕನವರು ಹೇಳಿದ್ದಿಷ್ಟೆ: "ಚಂದ ಕಾಣಲಿಕ್ಕಲ್ಲ. ಒಂದು ಕಡೆ ಭಾರ, ಒಂದು ಕಡೆ ಬರಿದು. ನಡೆದರೆ ಬೆನ್ನು ಜಗ್ಗುತ್ತದೆ."

ಈ ಮಾತು ದಿಟವಾದುದು. ಸ್ಥೂಲದೇಹದವರಲ್ಲಿ ಉಳಿದ ಸ್ತನವು ಭಾರವಾಗಿರುವುದರಿಂದ ಸಮತೋಲ ತಪ್ಪಿ ಕುತ್ತಿಗೆ, ಭುಜ, ಬೆನ್ನು ನೋಯುವುದುಂಟು.

ಹಾಗೆಂದು ಅಪಾಯವನ್ನು ಮರೆಮಾಚಲಾಗದು. ಕಿಲೋಗ್ರಾಮಿನಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದಾಗ 30 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದನ್ನು ಬೊಜ್ಜೆಂದು ವಿಶ್ವ ಆರೋಗ್ಯ ಸಂಸ್ಥೆ ಎಣಿಸುತ್ತದೆ. ಭಾರತೀಯರಿಗೆ 25ನ್ನೇ ಮಿತಿಯಾಗಿ ಹಿಡಿಯುವ ವೈದ್ಯರಿದ್ದಾರೆ. ಈ ಅಂಕಿ ಏರಿದಂತೆ ಗಾಯ ತಡವಾಗಿ ಮಾಯುವ, ಕೀವಾಗುವ, ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚುತ್ತದೆ. ಒಳಗಿಡುವ ಸಿಲಿಕೋನ್ ಚೀಲವನ್ನು ಮತ್ತೆ ತೆಗೆಯಬೇಕಾಗಿ ಬರುವುದೂ ಇಂಥವರಲ್ಲಿ ಅಧಿಕ. ಹೊಟ್ಟೆಯ ಚರ್ಮ, ಕೊಬ್ಬುಗಳಿಂದ ಸ್ತನ ರಚಿಸುವ ಕ್ರಮ ದೊಡ್ಡ ಶಸ್ತ್ರಕ್ರಿಯೆ. ಹೊಟ್ಟೆಯ ಗಾಯವೂ ಬಿಚ್ಚಿಕೊಳ್ಳಬಹುದು. ಆದರೆ ಅದು ಕೈಗೂಡಿದರೆ ಬಹುಕಾಲ ನಿಲ್ಲುತ್ತದೆ.

ಆದುದರಿಂದ ಅನೇಕ ವೈದ್ಯರು ಮೊದಲು ಕ್ಯಾನ್ಸರ್ ಚಿಕಿತ್ಸೆ ಮುಗಿಸಿ, ತೂಕ ಇಳಿಸಿ, ಸಕ್ಕರೆ ಕಾಯಿಲೆಯನ್ನು ಹತೋಟಿಗೆ ತಂದು, ಹೊಗೆಸೊಪ್ಪು ಬಿಡಿಸಿ, ಆಮೇಲೆ ಪುನರ್ರಚನೆ ಮಾಡಬಯಸುತ್ತಾರೆ. "ಈಗ ಬೇಡ" ಎಂಬುದು "ಎಂದಿಗೂ ಬೇಡ" ಎಂದಲ್ಲ. ಉಳಿದ ಸ್ತನವನ್ನು ಕಿರಿದುಗೊಳಿಸುವುದು, ಒಳಉಡುಪಿನಲ್ಲಿ ಕೃತಕ ಸ್ತನ ಧರಿಸುವುದು ಇನ್ನೆರಡು ದಾರಿಗಳು.

ಜೋಯಿಡಾ ಕಡೆಯವರು ಹುಬ್ಬಳ್ಳಿಗೋ ಬೆಳಗಾವಿಗೋ ಪದೇ ಪದೇ ಅಲೆಯಬೇಕಾದುದರಿಂದ, ಸ್ತನ ತೆಗೆಯುವ ಮೊದಲೇ ಇವನ್ನೆಲ್ಲ ಕೇಳಿ ತಿಳಿಯುವುದು ಲೇಸು.

ಅಕ್ಕನವರು ಎಲ್ಲವನ್ನೂ ತೂಗಿ ನೋಡಿ, ದೊಡ್ಡ ಶಸ್ತ್ರಕ್ರಿಯೆ ಬೇಡವೆಂದು ಕೃತಕ ಸ್ತನವನ್ನೇ ಆಯ್ದುಕೊಂಡರು. ಬೆನ್ನುನೋವು ತಗ್ಗಿದೆ. ಮತ್ತೊಬ್ಬ ತಾಯಿ ಬೇರೆ ದಾರಿ ಹಿಡಿದಾರು. ಆ ನಿರ್ಧಾರ ಆಕೆಯದಾಗಿರಲಿ. ನೆರೆಯವರ ನಗೆ ಅದನ್ನು ತೀರ್ಮಾನಿಸದಿರಲಿ.