ವರ್ಷಕ್ಕೆ ನಾಲ್ಕು ಸಲದ ಭಾರ

ಮೂವತ್ತನಾಲ್ಕು ವರ್ಷ ವಿಜ್ಞಾನದ ಪಾಠ ಹೇಳಿದವನು ಹಳೆಯ ಕಾರಿನ ವ್ಯಾಪಾರದ ಬಗ್ಗೆ ಬರೆಯಹೊರಟಿರುವುದನ್ನು ಕಂಡು ನನ್ನ ವಿದ್ಯಾರ್ಥಿಗಳಿಗೆ ನಗು ಬಂದರೆ ಆಶ್ಚರ್ಯವಿಲ್ಲ. ಮೇಷ್ಟ್ರಿಗೆ ಸೈಕಲ್ಲಿನಾಚೆ ಯಾವ ವಾಹನವೂ ಒಲಿಯಲಿಲ್ಲವೆಂಬುದು ನಿಮಗೆಲ್ಲ ತಿಳಿದದ್ದೇ. ಆದರೆ 2024ರ ಬೇಸಗೆಯಲ್ಲಿ ಇಂಗ್ಲೆಂಡಿನಲ್ಲಿರುವ ಮಗಳ ಮನೆಯಲ್ಲಿ ಮೂರು ತಿಂಗಳು ಇದ್ದಾಗ, ಅಳಿಯಂದಿರು ಹಳೆಯದೊಂದು ಡೀಸೆಲ್ ಎಸ್ಟೇಟ್ ಕಾರನ್ನು ಹುಡುಕಿದ ಪ್ರಸಂಗದಲ್ಲಿ ಹೈಸ್ಕೂಲಿನ ಪಾಠಗಳೆಲ್ಲ ಒಂದೊಂದಾಗಿ ಎದುರಿಗೆ ಬಂದು ನಿಂತವು. ಅವನ್ನು ನಿಮ್ಮೊಡನೆ ಹಂಚಿಕೊಳ್ಳುವ ಆಸೆ.

ಎಸ್ಟೇಟ್ ಎಂದರೆ ಮಲೆನಾಡಿನವರಾದ ನಮಗೆ ಕಾಫಿ ತೋಟ. ಅಲ್ಲಿ ಆ ಹೆಸರು, ಸಾಮಾನಿಡುವ ಹಿಂಭಾಗದವರೆಗೂ ಚಾವಣಿ ಚಾಚಿಕೊಂಡಿರುವ ಉದ್ದನೆಯ ಕಾರಿಗೆ ಇದೆ. ಅಮೆರಿಕದವರು ಇದನ್ನೇ ಸ್ಟೇಷನ್ ವ್ಯಾಗನ್ ಎನ್ನುತ್ತಾರೆ. ನಮ್ಮಲ್ಲಿ 1992ರಲ್ಲಿ ಬಂದ ಟಾಟಾ ಎಸ್ಟೇಟ್ ಇದೇ ಜಾತಿಯದು. ಅಳಿಯಂದಿರಿಗೆ ಇಂಥ ಕಾರು ಬೇಕಾದದ್ದು ಒಂದು ಕ್ಯಾರವಾನನ್ನು ಎಳೆಯಲು. ಕ್ಯಾರವಾನ್ ಎಂದರೆ ಚಕ್ರಗಳ ಮೇಲೆ ಕೂರಿಸಿದ ಪುಟ್ಟ ಮನೆ. ಒಲೆ, ಹಾಸಿಗೆ, ನೀರಿನ ತೊಟ್ಟಿ ಎಲ್ಲವೂ ಉಂಟು. ನಿವೃತ್ತರಾದ ಸಹೋದ್ಯೋಗಿಯೊಬ್ಬರು ಅಗ್ಗಕ್ಕೆ ಕೊಟ್ಟದ್ದು. ಸಾಮಾನು ತುಂಬಿದಾಗ ಅದರ ಗರಿಷ್ಠ ತೂಕ 1,150 ಕಿಲೋಗ್ರಾಂ. ಮಕ್ಕಳ ರಜೆಯಲ್ಲಿ, ವರ್ಷಕ್ಕೆ ನಾಲ್ಕು ಸಲ, ಅದನ್ನು ವೇಲ್ಸ್‌ನ ಕಡಲ ತೀರಕ್ಕೆ ಒಯ್ಯಬೇಕು.

"ಡೀಸೆಲ್ಲೇ ಆಗಬೇಕು ಮಾವ, ಏರಿನಲ್ಲಿ ಅದರ ಎಳೆತವೇ ಬೇರೆ" ಎಂದು ಅಳಿಯಂದಿರು. ಮಾತು ಸುಳ್ಳಲ್ಲ. ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನಕ್ಕೆ ಕಿಡಿ ತಗಲಬೇಕು. ಡೀಸೆಲ್ಲಿಗೆ ಕಿಡಿ ಬೇಡ. ಗಾಳಿಯನ್ನೇ ಬಲವಾಗಿ ಒತ್ತಿ ಕಾಯಿಸಿ, ಅದರೊಳಕ್ಕೆ ಇಂಧನವನ್ನು ಚಿಮ್ಮಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ಮುಟ್ಟಿ ನೋಡಿದ್ದೀರಲ್ಲ, ಅದೇ ತತ್ತ್ವ. ಟರ್ಬೊ ಕೂಡಿದ ಇಂದಿನ ಡೀಸೆಲ್ ಎಂಜಿನ್ ನಿಮಿಷಕ್ಕೆ ಎರಡು ಸಾವಿರ ಸುತ್ತಿನ ಆಸುಪಾಸಿನಲ್ಲೇ ತನ್ನ ಪೂರ್ಣ ತಿರುಗುಬಲವನ್ನು ಕೊಡುತ್ತದೆ. ಭಾರ ಎಳೆಯುವವರಿಗೆ ಬೇಕಾದದ್ದು ಅದೇ.

ಮಗಳ ವಾದ ಬೇರೆ. ಕಿರಿಯ ಮೊಮ್ಮಗನಿಗೆ ಉಬ್ಬಸವಿದೆ. "ಅಪ್ಪಾ, ನಾಲ್ಕು ಸಲದ ಸುಖಕ್ಕೆ ವರ್ಷವೆಲ್ಲ ಬೀದಿಗೆ ಹೊಗೆ ಬಿಡಬೇಕೇ?" ಎಂದಳು. ಅದೂ ಸುಳ್ಳಲ್ಲ. ಫೋಕ್ಸ್‌ವ್ಯಾಗನ್ ಕಂಪನಿಯು ಪರೀಕ್ಷೆಯ ವೇಳೆ ಮಾತ್ರ ಹೊಗೆ ತಗ್ಗಿಸುವ ತಂತ್ರಾಂಶವನ್ನು ಕಾರುಗಳಲ್ಲಿ ಅಡಗಿಸಿದ್ದುದು 2015ರ ಸೆಪ್ಟೆಂಬರಿನಲ್ಲಿ ಬಯಲಾಯಿತು. ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಕಾರುಗಳು ಅದರಲ್ಲಿ ಸೇರಿದ್ದವು. ಲಂಡನ್ನಿನ ಒಂಬತ್ತು ವರ್ಷದ ಬಾಲಕಿ ಎಲ್ಲಾ ಅಡೂ-ಕಿಸ್ಸಿ-ಡೆಬ್ರಾ ಉಬ್ಬಸದಿಂದ 2013ರಲ್ಲಿ ತೀರಿಕೊಂಡಳು. ಆ ಸಾವಿಗೆ ವಾಯುಮಾಲಿನ್ಯವೂ ಕಾರಣವೆಂದು 2020ರ ಡಿಸೆಂಬರಿನಲ್ಲಿ ಅಲ್ಲಿನ ವಿಚಾರಣಾಧಿಕಾರಿ ದಾಖಲಿಸಿದರು. ಮಗಳು ಆ ಸುದ್ದಿಯನ್ನು ಮರೆತಿರಲಿಲ್ಲ.

ಇಬ್ಬರ ಮಾತಿನಲ್ಲೂ ಸತ್ಯವಿದ್ದುದರಿಂದ, ಉಳಿದ ದಿನಗಳಲ್ಲಿ ಕಾರು ಏನು ಮಾಡುತ್ತದೆಂಬ ಲೆಕ್ಕ ಹಾಕಿದೆವು. ಈಚಿನ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಶೋಧಕವೊಂದಿದೆ. ಕೂಡಿದ ಮಸಿ ಸುಟ್ಟುಹೋಗಲು ಅದು ಚೆನ್ನಾಗಿ ಕಾಯಬೇಕು; ಅದಕ್ಕೆ ಹೆದ್ದಾರಿಯ ಓಟ ಬೇಕು. ದಿನವೂ ಶಾಲೆ, ಅಂಗಡಿ ಎಂದು ಒಂದೆರಡು ಮೈಲಿ ಓಡಿ ನಿಲ್ಲುವ ಕಾರಿನಲ್ಲಿ ಶೋಧಕ ಕಟ್ಟಿಕೊಳ್ಳುತ್ತದೆ. ಬದಲಾಯಿಸುವ ಖರ್ಚು ಸಣ್ಣದಲ್ಲ. ಕಿತ್ತೆಸೆಯೋಣವೆಂದರೆ, ಶೋಧಕ ಕಾಣೆಯಾದ ಕಾರು 2014ರಿಂದ ಅಲ್ಲಿನ ವಾರ್ಷಿಕ ತಪಾಸಣೆಯಲ್ಲಿ ಅನುತ್ತೀರ್ಣ. ಅಳಿಯಂದಿರ ಕಚೇರಿ ಹೆದ್ದಾರಿಯ ಮೇಲೆ ಮೂವತ್ತೈದು ಮೈಲಿ. ಆದ್ದರಿಂದ ಒಪ್ಪಂದವಾಯಿತು: ಯೂರೋ 6 ನಿಯಮಕ್ಕೆ ಒಳಪಟ್ಟ ಕಾರೇ ಆಗಬೇಕು, ಅದು ಕಚೇರಿಗೆ ಹೋಗಬೇಕು, ಮಕ್ಕಳು ಶಾಲೆಗೆ ನಡೆದೇ ಹೋಗಬೇಕು. ಕೊನೆಯ ಷರತ್ತು ಮಗಳದು.

ಮೊದಲು ನೋಡಿದ ಕಾರು ಹೊಳೆಯುತ್ತಿತ್ತು. ಮಾರುವಾತ "ಇದು ಏನನ್ನು ಬೇಕಾದರೂ ಎಳೆಯುತ್ತದೆ" ಎಂದ. ಬಾಗಿಲಿನ ಚೌಕಟ್ಟಿನಲ್ಲಿ ಒಂದು ಫಲಕವಿತ್ತು. ಅದರ ಮೇಲೆ ನಾಲ್ಕು ಅಂಕಿಗಳು. ಮೊದಲನೆಯದು ಕಾರಿನ ಗರಿಷ್ಠ ತೂಕ, ಎರಡನೆಯದು ಕಾರು ಮತ್ತು ಎಳೆಬಂಡಿ ಎರಡರ ಒಟ್ಟು ಗರಿಷ್ಠ ತೂಕ, ಉಳಿದೆರಡು ಅಚ್ಚುಗಳು ಹೊರಬಹುದಾದ ಭಾರ. ಎರಡನೆಯದು 2,900, ಮೊದಲನೆಯದು 1,900. ಕಳೆದರೆ 1,000. ನಮ್ಮದು 1,150. ನಾಲ್ಕನೆಯ ತರಗತಿಯ ಕಳೆಯುವ ಲೆಕ್ಕ ಅಲ್ಲಿಗೆ ವ್ಯಾಪಾರ ಮುಗಿಸಿತು. ಹಿಂದಿನ ಸೀಟಿನಲ್ಲಿ ಮಕ್ಕಳಿಬ್ಬರು ಕೂರುವ ಗಾಡಿಯಲ್ಲವೇ!

ಎರಡು ವಾರದ ಮೇಲೆ ಸಿಕ್ಕ ಕಾರಿನ ಅಂಕಿಗಳು 3,600 ಮತ್ತು 2,000. ಅದರ ಸ್ವಂತ ತೂಕ 1,400. ಹೊಸಬರು ಕಾರಿನ ತೂಕದ ಶೇಕಡ 85ಕ್ಕಿಂತ ಹೆಚ್ಚು ಎಳೆಯಬಾರದೆಂಬ ಹಿತವಚನವೊಂದಿದೆ. ಅದರಂತೆ 1,190, ನಮಗೆ ಸಾಕು. ಅಲ್ಲಿ ಸರಕಾರದ ತಾಣದಲ್ಲಿ ನೋಂದಣಿ ಸಂಖ್ಯೆ ಕೊಟ್ಟರೆ ಕಾರಿನ ಹಿಂದಿನ ತಪಾಸಣೆಗಳ ಫಲಿತಾಂಶವೂ ಆಯಾ ವರ್ಷ ಓಡಿದ ಮೈಲಿಗಳೂ ಉಚಿತವಾಗಿ ದೊರೆಯುತ್ತವೆ. ನಮ್ಮ ಶಾಲೆಯ ಹಾಜರಿ ಪುಸ್ತಕದಂತೆ, ಅದರ ಮುಂದೆ ಬಾಯಿಮಾತು ನಡೆಯದು. ಕಾರಿಗೆ ಮೊದಲೇ ಕೊಂಡಿ ಹಾಕಿಸಿದ್ದರಿಂದ ಹಿಂದೆ ಏನನ್ನು ಎಳೆದಿತ್ತೆಂದು ಕೇಳಿ, ಮೆಕ್ಯಾನಿಕನಿಂದ ಕ್ಲಚ್ಚನ್ನೂ ನೋಡಿಸಿದರು.

ಭಾರ ಹೇರುವ ವಿದ್ಯೆಯಲ್ಲಿ ಮಾತ್ರ ನನಗೆ ನಮ್ಮ ತಂದೆಯವರೇ ಗುರು. ಎತ್ತಿನ ಗಾಡಿಗೆ ಭತ್ತದ ಮೂಟೆ ಹೇರುವಾಗ ಹಿಂದಕ್ಕೆ ಭಾರ ಹೆಚ್ಚಾದರೆ ಮೂಕಿ ಮೇಲೇಳುತ್ತದೆ, ಮುಂದಕ್ಕೆ ಹೆಚ್ಚಾದರೆ ಎತ್ತುಗಳ ಹೆಗಲಿಗೆ ನೊಗ ಒತ್ತುತ್ತದೆ ಎನ್ನುತ್ತಿದ್ದರು. ಕ್ಯಾರವಾನಿಗೂ ಇದೇ ನ್ಯಾಯ. ಅದರ ತೂಕದ ಶೇಕಡ 5ರಿಂದ 7ರಷ್ಟು, ಎಂದರೆ ನಮ್ಮದರಲ್ಲಿ 58ರಿಂದ 80 ಕಿಲೋ, ಕೊಂಡಿಯ ಮೇಲೆ ಬೀಳಬೇಕು. ಕಾರಿನ ಕೊಂಡಿಗೆ ಹೇಳಿರುವ ಮಿತಿಯನ್ನೂ ಮೀರಬಾರದು. ಕಡಿಮೆಯಾದರೆ ವೇಗದಲ್ಲಿ ಬಾಲ ಅತ್ತಿತ್ತ ಹೊಯ್ದಾಡಿ ಕಾರನ್ನೇ ಉರುಳಿಸೀತು. ವೇಗದ ಮಾತೂ ಹಾಗೆಯೇ: ಗಂಟೆಗೆ 50 ಮೈಲಿಯಿಂದ 60ಕ್ಕೆ ಏರಿದರೆ ಚಲನಶಕ್ತಿ ಶೇಕಡ 44ರಷ್ಟು ಹೆಚ್ಚುತ್ತದೆ. ಅಷ್ಟನ್ನೂ ಬ್ರೇಕು ನುಂಗಬೇಕು. 750 ಕಿಲೋ ಮೀರಿದ ಎಳೆಬಂಡಿಗೆ ತನ್ನದೇ ಬ್ರೇಕು ಇರಬೇಕೆಂದು ಅಲ್ಲಿನ ಕಾನೂನು ಹೇಳುವುದು ಸುಮ್ಮನೆ ಅಲ್ಲ.

1997ರ ನಂತರ ಲೈಸೆನ್ಸ್ ಪಡೆದವರು ಹೆಚ್ಚಿನ ಭಾರ ಎಳೆಯಲು ಹಿಂದೆ ಬೇರೆ ಪರೀಕ್ಷೆ ಕೊಡಬೇಕಿತ್ತು. 2021ರ ಡಿಸೆಂಬರಿನಲ್ಲಿ ಅದನ್ನು ತೆಗೆದುಹಾಕಿದರು. ಪರೀಕ್ಷೆ ಇಲ್ಲವೆಂದ ಮಾತ್ರಕ್ಕೆ ಪಾಠ ಬೇಡವೆಂದಲ್ಲ ಎಂದು ನಾನೆಂದೆ. ಅಳಿಯಂದಿರು ಒಂದು ದಿನ ಹಣ ಕೊಟ್ಟು ಹಿಂದಕ್ಕೆ ನಡೆಸುವುದನ್ನೂ ತಿರುವುಗಳನ್ನೂ ಕಲಿತು ಬಂದರು.

ಬೆಂಗಳೂರಿನಲ್ಲಿರುವ ನನ್ನ ವಿದ್ಯಾರ್ಥಿಗಳಿಗೆ ಕ್ಯಾರವಾನಿನ ಗೊಡವೆ ಇರಲಾರದು. ಆದರೆ 2020ರ ಏಪ್ರಿಲಿನಿಂದ ಬಂದ ಬಿಎಸ್ 6 ಡೀಸೆಲ್ ಕಾರುಗಳಲ್ಲೂ ಅದೇ ಮಸಿ ಶೋಧಕವಿದೆ. ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ತೆವಳುವುದೇ ನಿಮ್ಮ ನಿತ್ಯದ ಓಡಾಟವಾಗಿದ್ದರೆ, ಹಬ್ಬಕ್ಕೆ ಊರಿಗೆ ಹೋಗುವ ನಾಲ್ಕು ದಿನಗಳನ್ನು ನೆನೆದು ಡೀಸೆಲ್ ಕೊಳ್ಳಬೇಡಿ. ಅಪರೂಪದ ಅಗತ್ಯ ತಪ್ಪಲ್ಲ, ಅದಕ್ಕೂ ಬದುಕಿನಲ್ಲಿ ಜಾಗವಿದೆ. ಆದರೆ ಅದರ ಬೆಲೆಯನ್ನು ಉಳಿದ ದಿನಗಳೂ, ನಮ್ಮ ಬೀದಿಯಲ್ಲಿ ಉಸಿರಾಡುವ ಮಕ್ಕಳೂ ತೆರುತ್ತಾರೆಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು.